ಎಂಜಿನ್ನಿಗೊಂದು ಆಣೆ

"ಸುಳ್ಳು ಹೇಳ್ಬೇಡ ಓಂಕಾರ! ಎಂಜಿನ್ನಿಗೆ ನೀರು ಹೋಗ್ದೆ ಹೀಗೆ ಮೊಸರು ಕಟ್ತದಾ?"

ಆಯಿಲ್ ಹಾಕುವ ಮುಚ್ಚಳ ನನ್ನ ಕೈಯಲ್ಲಿತ್ತು. ಅದರ ಒಳಮೈಗೆ ಬಿಳಿಯ ಜಿಡ್ಡು ಬೆಣ್ಣೆಯ ಹಾಗೆ ದಪ್ಪಗೆ ಅಂಟಿಕೊಂಡಿತ್ತು. ಅದನ್ನು ಓಂಕಾರಮೂರ್ತಿಯ ಮೂಗಿನ ಹತ್ತಿರ ಹಿಡಿದೆ.

"ಮೂಗಿಗೆ ಹಿಡಿದ್ರೆ ಎಂತ ಗೊತ್ತಾಗ್ತದೆ? ನೆಕ್ಕಿ ಹೇಳ್ಲಾ?" ಅಂದ ಅವನು. "ಥಂಡಿಗೆ ಹಂಗಾಗ್ತದೆ ಮಾರಾಯ. ಆಷಾಢದಿಂದ ಈಚೆ ಕಾರು ಶೆಡ್ಡಲ್ಲೇ ನಿಂತಿತ್ತು. ಬ್ಯಾಟರಿ ಸಾಯಬಾರ್ದು ಅಂತ ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತಿದ್ದೆ. ಎಂಜಿನ್ ಸರಿಯಾಗಿ ಬಿಸಿಯೇ ಆಗ್ತಿರ್ಲಿಲ್ಲ. ಒಳಗಿನ ಪಸೆ ಎಲ್ಲಿಗೆ ಹೋಗ್ಬೇಕು? ಅಲ್ಲೇ ಕೂತಿದೆ."

"ನನ್ನ ಪಿಕಪ್ಪೂ ಇದೇ ಮಳೇಲಿ ಇದ್ದಿದ್ದು. ಅದಕ್ಕೆ ಯಾಕೆ ಕಟ್ಲಿಲ್ಲ?"

"ನಿನ್ನ ಪಿಕಪ್ಪು ದಿನಾ ಕಾಫಿ ಮೂಟೆ ಹೊತ್ತು ಚಿಕ್ಕಮಗಳೂರಿಗೆ ಓಡ್ತದೆ. ಇದು ರಾಣಿ ಥರ ಮಲಗಿತ್ತು. ಎರಡೂ ಒಂದೇನ?"

ನನ್ನ ಹೆಂಡತಿ ಅರುಣಾ ಬಾಗಿಲಿಗೆ ಬಂದಳು. "ಬೊಬ್ಬೆ ಹೊಡೀಬೇಡಿ, ರಸ್ತೆಗೆ ಕೇಳ್ತದೆ. ಓಂಕಾರಣ್ಣ, ಇವ್ರ ಬಾಯಿ ನಿಮಗೇನು ಹೊಸದಾ?"

"ಬಾಯಿ ಹಳೇದೇ ಅಮ್ಮ. ಎಂಜಿನ್ ವಿದ್ಯೆ ಹೊಸದು. ಮೊಬೈಲಲ್ಲಿ ಕಲ್ತಿದಾನೆ."

ಅದು ನಿಜ. ತಿಂಗಳಿಂದ ನಾನು ಮೊಬೈಲಿನಲ್ಲಿ ನೋಡುತ್ತಿದ್ದದ್ದು ಅದೊಂದನ್ನೇ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರು ಏನೇನು ನೋಡಬೇಕು, ಎಂಜಿನ್ ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದನ್ನು ಒಬ್ಬೊಬ್ಬ ಒಂದೊಂದು ರೀತಿ ಹೇಳುತ್ತಿದ್ದ. ಎಲ್ಲರೂ ಒಪ್ಪಿದ ಮಾತು ಒಂದೇ: ಮುಚ್ಚಳದಡಿ ಬಿಳಿ ಜಿಡ್ಡು ಕಂಡರೆ ಹುಷಾರು.

ಕಾರು ಎರಡು ಬಾಗಿಲಿನ ಕೆಂಪು ಕಾರು. ನೆಲಕ್ಕೆ ಎಷ್ಟು ಹತ್ತಿರವೆಂದರೆ ನಮ್ಮ ಊರಿನ ಹಂಪುಗಳಿಗೆಲ್ಲ ಹೊಟ್ಟೆ ಉಜ್ಜುತ್ತದೆ. ಓಂಕಾರ ಅದನ್ನು ಮಂಗಳೂರಿನಿಂದ ತಂದು ಮಗುವಿನ ಹಾಗೆ ಸಾಕಿದ್ದ. ಈಚೆಗೆ ಎಡಮಂಡಿಗೆ ಆಪರೇಷನ್ ಆಗಿ, ಗಟ್ಟಿ ಕ್ಲಚ್ಚನ್ನು ತುಳಿಯಲು ಆಗದೆ ಮಾರಲು ಹೊರಟಿದ್ದ. ಬಣಕಲ್ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನು ನಮ್ಮ ಮನೆಯ ಕಾಫಿ ಕುಡಿಯದ ವಾರವಿಲ್ಲ. ಹಾಗಾಗಿ ಬೇರೆಯವರಿಗಿಂತ ಮೊದಲು ನನ್ನನ್ನು ಕೇಳಿದ.

ಕಾರು ಬೇಕಾಗಿದ್ದದ್ದು ನನ್ನ ಮಗಳು ದೀಪಶ್ರೀಗೆ. ಮೂಡಿಗೆರೆಯ ಸೊಸೈಟಿಯಲ್ಲಿ ಕೆಲಸ. ರಜೆ ಸಿಕ್ಕಿದರೆ ಆಟೊಕ್ರಾಸ್. ಎಸ್ಟೇಟಿನವರು ಮಣ್ಣಿನ ಟ್ರ್ಯಾಕ್ ಮಾಡಿ ಕಾರು ಓಡಿಸುವ ಸ್ಪರ್ಧೆ ಅದು. ಹೋದ ವರ್ಷ ಯಾರದೋ ಕಾರನ್ನು ಕೇಳಿ ತಂದು ಎರಡನೆಯ ಸ್ಥಾನ ಹೊಡೆದಿದ್ದಳು. ಅವಳು ನಿಧಾನ ಓಡಿಸುವವಳಲ್ಲ. ನನ್ನ ಮಾತು ಕೇಳುವವಳೂ ಅಲ್ಲ, ನನ್ನದೇ ಸಿಟ್ಟು.

ಎರಡು ವರ್ಷದ ಹಿಂದೆ ಚಾರ್ಮಾಡಿ ಘಟ್ಟ ಇಳಿಯುವಾಗ ನನ್ನ ಪಿಕಪ್ಪಿನ ಎಂಜಿನ್ ತಿರುವಿನಲ್ಲೇ ನಿಂತುಹೋಗಿತ್ತು. ಸ್ಟೇರಿಂಗ್ ತಿರುಗಲೊಲ್ಲದು, ಬ್ರೇಕ್ ಕಲ್ಲಿನ ಹಾಗೆ. ಗುಡ್ಡದ ಕಡೆಯ ದರೆಗೆ ಗುದ್ದಿ ನಿಲ್ಲಿಸಿದೆ. ಇನ್ನೊಂದು ಕಡೆಯ ಪ್ರಪಾತ ಎಷ್ಟು ಆಳ ಅಂತ ಆ ಘಟ್ಟ ಕಂಡವರಿಗೆ ಹೇಳಬೇಕಾಗಿಲ್ಲ. ಈ ಕೆಂಪು ಕಾರು ನೋಡಿದಾಗಲೆಲ್ಲ ಆ ತಿರುವು ಕಣ್ಣಿಗೆ ಬರುತ್ತಿತ್ತು. ಆದರೆ ಸೀಟಿನಲ್ಲಿ ನಾನಿರುತ್ತಿರಲಿಲ್ಲ, ಮಗಳಿರುತ್ತಿದ್ದಳು.

"ಸರಿ, ಅದು ಬಿಡು," ಅಂದೆ. "ಆಷಾಢದಲ್ಲಿ ಹೊಳೆ ಉಕ್ಕಿ, ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದಾಗ ನೀನು ಎಲ್ಲಿದ್ದೆ?"

"ಹೊರನಾಡಲ್ಲಿ. ಅಕ್ಕನ ಮನೇಲಿ."

"ಕಾರು?"

"ಸೇತುವೆಗೆ ಇಳಿಸ್ದೆ ಕಳಸದ ಕಡೆ ದಡದಲ್ಲೇ ನಿಲ್ಲಿಸಿ ಹೋಗಿದ್ದೆ. ಆಗ್ಲೇ ಹೇಳಿದೀನಲ್ಲ."

"ನೋಡಿದೋರು ಯಾರು?"

ಓಂಕಾರ ಬಾನೆಟ್ಟಿನಿಂದ ಕೈ ತೆಗೆದ. "ಪೊಲೀಸ್ ಆದ್ಯಾ ರುದ್ರೇಶ? ನಡಿ, ಒಂದು ರೌಂಡ್ ಹೋಗಿ ಬರಾಣ. ನೀನೇ ಓಡ್ಸು."

ಕೊಟ್ಟಿಗೆಹಾರದವರೆಗೆ ಹೋಗಿ ಬಂದೆವು. ಏರಿನಲ್ಲಿ ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಕನ್ನಡಿಯಲ್ಲಿ ಹೊಗೆ ಹುಡುಕಿದೆ, ಇರಲಿಲ್ಲ. ಬಿಸಿಯ ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ರೇಡಿಯೊ ಬಂದ್ ಮಾಡಿ, ಕಿಟಕಿ ಇಳಿಸಿ ಕಿವಿ ಕೊಟ್ಟೆ. ಎಲ್ಲೋ ಒಂದು ಟಿಕ್ ಟಿಕ್ ಕೇಳಿದ ಹಾಗಾಯಿತು. "ಕೇಳ್ತಾ?" ಅಂದೆ. "ನಿನ್ನ ವಾಚು," ಅಂದ ಓಂಕಾರ. ನಾನು ನಗಲಿಲ್ಲ. ಕಾರು ಚೆನ್ನಾಗಿ ಓಡಿದಷ್ಟೂ ನನಗೆ ಭಯ ಜಾಸ್ತಿಯಾಯಿತು. ನೀರು ಕುಡಿದ ಎಂಜಿನ್ನಿನ ರಾಡು ಒಂದು ಕೂದಲೆಳೆಯಷ್ಟು ಬಾಗಿದ್ದರೂ ತಿಂಗಳುಗಟ್ಟಲೆ ಸುಮ್ಮನೆ ಓಡಿ, ಜೋರು ಎಳೆದ ದಿನ ಮುರಿಯುತ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದೆ. ಜೋರು ಎಳೆಯುವವಳು ದೀಪಶ್ರೀ.

ಮನೆಗೆ ಬಂದು ಚಿಕ್ಕಮಗಳೂರಿನ ಗ್ಯಾರೇಜಿಗೆ ಫೋನ್ ಮಾಡಿದೆ. ಮೆಷಿನ್ ಹಾಕಿ ಒಳಗಿನ ಒತ್ತಡ ನೋಡದೆ ಹೇಳಲು ಬರುವುದಿಲ್ಲ, ದೀಪಾವಳಿ ಮುಗಿಸಿ ಬುಧವಾರ ತನ್ನಿ ಅಂದರು. ಆದರೆ ಇದೇ ಕಾರನ್ನು ಕೇಳಿದ್ದ ಮಂಗಳೂರಿನ ಗಿರಾಕಿಯೊಬ್ಬ ಮರುದಿನವೇ ಬರುವವನಿದ್ದ.

"ಅವನಿಗೆ ಬರ್ಬೇಡ ಅಂತೀನಿ," ಅಂದ ಓಂಕಾರ ಜಗಲಿಯಲ್ಲಿ ಕಾಲು ಚಾಚಿ. ಅರುಣಾ ಕೊಟ್ಟ ಕಾಫಿ ಅರ್ಧ ಕುಡಿದಿದ್ದ. "ಬುಧವಾರ ತೋರ್ಸು. ನಾನು ಬೇಡ ಅಂದ್ನಾ?"

ಅಲ್ಲಿಗೆ ಮುಗಿಯಬೇಕಿತ್ತು. ನನ್ನ ತಲೆ ಎಲ್ಲಿ ಸುಮ್ಮನಿರುತ್ತದೆ? "ಬುಧವಾರದೊಳಗೆ ಆಯಿಲ್ ಬದಲಾಯ್ಸಿ, ಎಲ್ಲಾ ತೊಳೆದು ತರ್ತಿ. ಅದಕ್ಕೇ ಇಷ್ಟು ಸಲೀಸಾಗಿ ಒಪ್ಪಿದ್ದು, ಅಲ್ವಾ?"

"ಹಾಗಾದ್ರೆ ನಿನಗೆ ಎಂತ ಬೇಕು? ಅದನ್ನಾದ್ರೂ ಹೇಳು."

"ಮಂಜುನಾಥ ಸ್ವಾಮಿ ಮೇಲೆ ಆಣೆ ಇಟ್ಟು ಹೇಳು, ಎಂಜಿನ್ನಿಗೆ ನೀರು ಹೋಗಿಲ್ಲ ಅಂತ."

ಅರುಣಾಳ ಕೈಯಿಂದ ತಟ್ಟೆ ಜಾರಿತು. "ರೀ! ಬಿಡ್ತು ಅನ್ನಿ. ಮೊದ್ಲು ಬಿಡ್ತು ಅನ್ನಿ!"

ಘಟ್ಟದ ಕೆಳಗಿನ ಸ್ವಾಮಿಯ ಹೆಸರನ್ನು ನಮ್ಮಲ್ಲಿ ಯಾರೂ ಸುಮ್ಮನೆ ಎತ್ತುವುದಿಲ್ಲ. ಬೇಲಿಯ ಜಗಳ, ನೀರಿನ ಜಗಳ ಆ ಹೆಸರು ಬಂದರೆ ಅಲ್ಲಿಗೆ ನಿಲ್ಲುತ್ತವೆ. ಆದರೆ ಒಮ್ಮೆ ಆಣೆ ಬಿದ್ದ ಮೇಲೆ ಆ ಎರಡು ಮನೆಯವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರೂ ಮುಟ್ಟುವಂತಿಲ್ಲ. ಇಬ್ಬರೂ ಜೊತೆಯಲ್ಲಿ ಧರ್ಮಸ್ಥಳಕ್ಕೆ ಇಳಿದು, ತಪ್ಪುಕಾಣಿಕೆ ಹಾಕಿ ಬಿಡಿಸಿಕೊಳ್ಳಬೇಕು. ಇದು ನನಗೂ ಗೊತ್ತು, ಓಂಕಾರನಿಗೂ ಗೊತ್ತು.

ನಾನು ಬಿಡ್ತು ಅನ್ನಲಿಲ್ಲ. ಹೇಳುವುದಿಲ್ಲ ಹೋಗೋ ಅಂತ ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಬೈದರೆ ನೀರು ಹೋಗಿದ್ದು ನಿಜ ಅಂತ ಗೊತ್ತಾಗುತ್ತಿತ್ತು.

ಅವನು ಲೋಟ ಕೆಳಗಿಟ್ಟ. ಮಂಡಿ ಹಿಡಿದುಕೊಂಡು ಎದ್ದು, ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕೈ ತೊಳೆದ. ಘಟ್ಟದ ದಿಕ್ಕಿಗೆ ತಿರುಗಿ ನಿಂತ.

"ಸ್ವಾಮಿ ಮಂಜುನಾಥನ ಆಣೆಗೂ ಈ ಕಾರಿನ ಎಂಜಿನ್ನಿಗೆ ನೀರು ಹೋಗಿಲ್ಲ. ನಾನು ಇವನ ಹತ್ರ ಎಂತದೂ ಮುಚ್ಚಿಟ್ಟಿಲ್ಲ."

ನನ್ನ ಎದೆ ಹಗುರಾಯಿತು. ಆ ಕ್ಷಣಕ್ಕೆ ಅಷ್ಟೇ ಆಗಿದ್ದು. ತಿಂಗಳಿಂದ ಹೊತ್ತಿದ್ದ ಭಯ ಇಳಿದುಹೋಯಿತು.

"ಈಗ ನಂಬಿಕೆ ಬಂತಾ?" ಅಂದ ಓಂಕಾರ. ಧ್ವನಿ ಏರಿಸಲಿಲ್ಲ. ಕೀ ತೆಗೆದು ಜಗಲಿಯ ಮೇಲಿಟ್ಟ. "ಕಾರು ನಿಂದೇ. ಸ್ಟಾರ್ಟ್ ಮಾಡಿದ ಕೂಡ್ಲೇ ಜೋರು ಎಳೀಬೇಡ ಅಂತ ದೀಪಶ್ರೀಗೆ ಹೇಳು. ಸ್ವಲ್ಪ ಬಿಸಿ ಆಗ್ಲಿ."

"ಓಂಕಾರಣ್ಣ, ಕಾಫಿ ಆದ್ರೂ..." ಅಂದಳು ಅರುಣಾ.

"ಇನ್ನು ಮುಟ್ಟಂಗಿಲ್ಲ ಅಮ್ಮ. ನಿನಗೂ ಗೊತ್ತಲ್ಲ."

ಚಪ್ಪಲಿ ಮೆಟ್ಟಿ ಅಂಗಳ ದಾಟಿದ. ರಸ್ತೆಗೆ ಇಳಿಯುವ ಜಾರಿನಲ್ಲಿ ಬೇಲಿಯ ಗೂಟಗಳನ್ನು ಹಿಡಿದು ಹಿಡಿದು ಹೆಜ್ಜೆಯಿಟ್ಟ. "ನಿಲ್ಲು ಮಾರಾಯ, ಆ ಕಾಲಲ್ಲಿ ಎಲ್ಲಿಗೆ ಹೋಗ್ತಿ? ಮನೆಗೆ ಬಿಡ್ತೀನಿ!" ಅಂತ ಕೂಗಿದೆ. ಕೂಗು ಬೈಗುಳದ ಹಾಗೆಯೇ ಬಂತು, ನನಗೆ ಬೇರೆ ಥರ ಕೂಗಲು ಬರುವುದಿಲ್ಲ. ಅವನು ತಿರುಗಲಿಲ್ಲ. ಮೂಡಿಗೆರೆ ಕಡೆಯಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿದ. ಮಂಡಿ ಮಡಚಲಾಗದೆ ಮೆಟ್ಟಿಲಲ್ಲಿ ತಡಮಾಡಿದ. ಕಂಡಕ್ಟರ್ ತೋಳು ಹಿಡಿದು ಎಳೆದುಕೊಂಡ.

ಆಮೇಲೆ ಅವನು ನಮ್ಮ ಅಂಗಳಕ್ಕೆ ಬಂದಿಲ್ಲ. ಜೊತೆಯಲ್ಲಿ ಹೋಗಿ ಬಿಡಿಸಿಕೊಂಡು ಬರೋಣ ಅಂತ ಫೋನ್ ಮಾಡಿದೆ. "ಆಣೆ ಹಾಕ್ಸಿದೋನು ನೀನು, ನೀನೇ ಹೋಗು" ಅಂದು ಇಟ್ಟುಬಿಟ್ಟ. ಒಬ್ಬನೇ ಹೋದರೆ ಆಣೆ ಬಿಡುವುದಿಲ್ಲ.

ದೀಪಶ್ರೀ ಕಾರನ್ನು ಮೈಮೇಲೆ ಬಂದವಳ ಹಾಗೆ ಓಡಿಸುತ್ತಾಳೆ. ಎಂಜಿನ್ ಇವತ್ತಿನವರೆಗೆ ಕೈಕೊಟ್ಟಿಲ್ಲ. ಕೊಟ್ಟಿದ್ದರೆ ಅವನ ಮನೆ ಬಾಗಿಲಿಗೆ ಹೋಗಿ ಜಗಳವನ್ನಾದರೂ ಆಡಬಹುದಿತ್ತು.