ಬೆನ್ನ ಹಿಂದಿನ ಚುಕ್ಕಿ

ನಾನು ಒಂದು ಗಾಜಿನ ಗುಂಡು. ಗಾತ್ರ ಮೂಸಂಬಿಗಿಂತ ತುಸು ದೊಡ್ಡದು, ಸ್ವಭಾವ ಪುಕ್ಕಲು. ಕುಲುಮೆಯಲ್ಲಿ ಹುಟ್ಟಿದವನು ಬೆಂಕಿಗೆ ಹೆದರಬಾರದು ನಿಜ, ಆದರೆ ನಾನು ಹೆದರುತ್ತೇನೆ. ಮೈಮೇಲೆ ಬಿದ್ದ ಬಿಸಿಲೆಲ್ಲ ನನ್ನೊಳಗೆ ಹಾದು ಬೆನ್ನ ಹಿಂದೆ ಒಂದು ಚುಕ್ಕಿಯಾಗುತ್ತದೆ. ಆ ಚುಕ್ಕಿ ಸುಡುತ್ತದೆ.

ಮಂಗಳೂರಿನ ಒಂದು ಹವಾಮಾನ ಕಚೇರಿಯ ತಾರಸಿಯಲ್ಲಿ ನನ್ನನ್ನು ಕೂರಿಸಿದರು. ನೌಕರ ದೂಮಪ್ಪಣ್ಣ ದಿನಾ ನನ್ನ ಬೆನ್ನ ಹಿಂದೆ ಒಂದು ದಪ್ಪ ಕಾಗದದ ಪಟ್ಟಿ ಸಿಕ್ಕಿಸುತ್ತಿದ್ದರು. ಬಿಸಿಲಿದ್ದಷ್ಟು ಹೊತ್ತು ಅದರ ಮೇಲೆ ಸುಟ್ಟ ಗೆರೆ ಬೆಳೆಯುತ್ತಿತ್ತು, ಮೋಡ ಕವಿದರೆ ನಿಲ್ಲುತ್ತಿತ್ತು. ಸಂಜೆ ಗೆರೆ ಅಳೆದು, "ಇವತ್ತು ಒಂಬತ್ತು ಗಂಟೆ ಬಿಸಿಲು" ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಹೀಗೇ ಕಳೆಯಿತು.

ಆಮೇಲೆ ಕಚೇರಿಗೆ ಹೊಸ ವಿಜ್ಞಾನಿಯಾಗಿ ಐರಿನ್ ಮೇಡಂ ಬಂದರು. ಇಷ್ಟು ವರ್ಷ ಸೂರ್ಯ ಈ ಊರಿಗೆ ಎಷ್ಟು ಶಾಖ ಕೊಟ್ಟಿದ್ದಾನೆಂದು ಅವರು ಅಂದಾಜು ಮಾಡಬೇಕಿತ್ತು. ಶಾಖವನ್ನೇ ಅಳೆಯುವ ಯಂತ್ರ ಬಂದು ಎರಡೇ ವರ್ಷವಾಗಿತ್ತು. ಬಿಸಿಲಿನ ಗಂಟೆಗೂ ಶಾಖಕ್ಕೂ ಇರುವ ನಂಟನ್ನು ಅವರು ಆ ಎರಡು ವರ್ಷಗಳ ಲೆಕ್ಕದಿಂದ ಹಿಡಿದರು. ಹಿಂದಿನ ವರ್ಷಗಳಿಗೆ ನನ್ನ ಪಟ್ಟಿಗಳೇ ಗತಿ, ಗಂಟೆ ಬರೆದಿಟ್ಟ ಪುಸ್ತಕಗಳನ್ನು ಗೆದ್ದಲು ತಿಂದಿತ್ತು.

ಇನ್ನು ಹೊಸ ಯಂತ್ರವೇ ಸಾಕೆಂದು ನನ್ನನ್ನು ತಾರಸಿಯಿಂದ ಕೆಳಗಿಳಿಸಿದ ದಿನ ದೂಮಪ್ಪಣ್ಣ ಕಡತದ ಕೋಣೆಯ ಪಡುವಣ ಕಿಟಕಿಯಲ್ಲಿಟ್ಟರು. ಉರುಳದಿರಲೆಂದು ಪಟ್ಟಿಗಳ ಒಂದು ಕಟ್ಟನ್ನೇ ನನ್ನ ಬೆನ್ನಿಗೆ ಒತ್ತು ಕೊಟ್ಟರು. "ಇನ್ನು ಆರಾಮ ಮಾಡು ಮಾರಾಯ" ಎಂದು ಚಾ ಕುಡಿಯಲು ಹೋದರು. ತಾರಸಿ ಬಿಟ್ಟ ಮೇಲೆ ನಾನು ಸುಡುವುದಿಲ್ಲ ಎಂದುಕೊಂಡರೋ ಏನೋ.

ಮೂರು ಗಂಟೆಗೆ ಬಿಸಿಲು ಕಿಟಕಿಗೆ ಬಂತು. ಜೀವ ಬಾಯಿಗೆ ಬಂತು ಎನ್ನೋಣವೆಂದರೆ ನನಗೆ ಬಾಯಿಯೇ ಇಲ್ಲ. ಚುಕ್ಕಿ ಕಟ್ಟಿನ ಮೇಲೆ ಕೂತಿತು, ಹೊಗೆ ಎದ್ದಿತು. ಪಕ್ಕದಲ್ಲೇ ಕಪಾಟಿನ ತುಂಬ ಉಳಿದ ವರ್ಷಗಳು. ಒಂದೇ ಒಂದು ಮೋಡ ಕಳಿಸು ದೇವರೇ ಎಂದು ಬೇಡಿಕೊಂಡೆ. ಏಪ್ರಿಲ್ ತಿಂಗಳ ಆಕಾಶ ಬೋಳಾಗಿತ್ತು.

ವಾಸನೆಗೆ ಓಡಿ ಬಂದ ಮೇಡಂ ಕಟ್ಟನ್ನು ಎಳೆದು ನೆಲಕ್ಕೆ ಹಾಕಿ ತುಳಿದರು. ನಾನು ಉರುಳಿ ಬಿದ್ದೆ, ಮೈಯಿಂದ ಒಂದು ಚಕ್ಕೆ ಹಾರಿತು.

"ನನ್ನ ಕೈಯಿಂದಲೇ ಆಯ್ತಲ್ಲ ಮೇಡಂ" ಎಂದರು ಚಾ ಬಿಟ್ಟು ಓಡಿಬಂದ ದೂಮಪ್ಪಣ್ಣ.

ಮೇಡಂ ಪಟ್ಟಿಗಳನ್ನು ಎಣಿಸಿದರು. "ಒಂದು ತಿಂಗಳು ಹೋಯ್ತು ದೂಮಪ್ಪಣ್ಣ. ಉಳಿದದ್ದು ಉಂಟು."

ಆ ತಿಂಗಳ ಬಿಸಿಲು ಎಷ್ಟೆಂದು ಇನ್ನು ಯಾರಿಗೂ ತಿಳಿಯದು. ಬರೆದವನೂ ನಾನೇ, ಅಳಿಸಿದವನೂ ನಾನೇ.

ಈಗ ಕಪ್ಪು ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿದ್ದೇನೆ. ಶಾಲೆಯ ಮಕ್ಕಳು ಬಂದಾಗ ಹೊರಗೆ ತೆಗೆಯುತ್ತಾರೆ. ಅವರು ನಗುತ್ತ ನನ್ನಲ್ಲಿ ತಲೆಕೆಳಗಾದ ಕಿಟಕಿಯನ್ನು ನೋಡುತ್ತಾರೆ. ನಾನು ಮಾತ್ರ, ಬೆನ್ನ ಹಿಂದೆ ಯಾರ ಬೆರಳಿದೆಯೋ ಎಂದು ಹೆದರುತ್ತಿರುತ್ತೇನೆ.