ಏಳನೇ ಸುತ್ತಿನ ಕರೆ

ವರ್ಲೀನ್ ಪೆಟವೇಯ ಮನೆಯಲ್ಲಿ ಮೂರು ದಿನದಿಂದ ಚರ್ಚಿಗೆ ಚರ್ಚೇ ಟಿವಿ ಮುಂದೆ ಕೂತಿತ್ತು. ಅಮೆರಿಕನ್ ಫುಟ್‌ಬಾಲಿನ ವೃತ್ತಿ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಹಬ್ಬ. ಮಗ ಕೋರ್ಟೆಲ್‌ನ ಹೆಸರನ್ನು ಮೊದಲ ದಿನವೇ ಕೂಗುತ್ತಾರೆಂದು ಅವಳು ಮಿಸಿಸಿಪ್ಪಿಯ ಆ ಪುಟ್ಟ ಊರಿಗೆಲ್ಲ ಡಂಗುರ ಸಾರಿದ್ದಳು.

ಈ ಹಬ್ಬದ ನ್ಯಾಯವೇ ನ್ಯಾಯ. ವರ್ಷವಿಡೀ ಸೋತು ಮಾನ ಕಳೆದುಕೊಂಡ ತಂಡಕ್ಕೆ ಮೊದಲ ಆಯ್ಕೆಯ ಮರ್ಯಾದೆ. ಹುಡುಗರಿಗೆ ಮಾತ್ರ ಬಾಯಿಲ್ಲ, ಆರಿಸಿದ ತಂಡಕ್ಕೇ ಹೋಗಬೇಕು. ಚಳಿಗಾಲದಲ್ಲಿ ಕೋರ್ಟೆಲ್‌ನನ್ನು ಚಡ್ಡಿಯಲ್ಲಿ ನಿಲ್ಲಿಸಿ, ದನದ ಸಂತೆಯ ದಲ್ಲಾಳಿಗಳ ಹಾಗೆ ತೋಳು, ಅಂಗೈ ಎಲ್ಲ ಅಳೆದಿದ್ದರು. ತೋಳು ತುಸು ಗಿಡ್ಡವಂತೆ! ಅವನೆದುರು ನಿಂತವರೆಲ್ಲ ನಾಲ್ಕು ವರ್ಷ ನೆಲ ಕಚ್ಚಿದ್ದು ಆ ಮಹನೀಯರ ಟೇಪಿಗೆ ಸಿಕ್ಕಿರಲಿಲ್ಲ.

ಈಗ ಏಳನೆಯ, ಕೊನೆಯ ಸುತ್ತು. ಕರಿದ ಮೀನು ಮುಗಿದಿತ್ತು, ಅಡುಗೆಮನೆಯಲ್ಲಿ ಚಾರ್ಜಿಗಿಟ್ಟ ಕೋರ್ಟೆಲ್‌ನ ಫೋನು ಉಸಿರೆತ್ತಿರಲಿಲ್ಲ. ಅವನ ಏಜೆಂಟ್ ಹಾಲಿಸ್ ವರ್ಲೀನಳನ್ನು ಅಲ್ಲಿಗೇ ಕರೆದು ಹೊಸ ವೇದಾಂತ ಹೇಳಿದ. ಇನ್ನು ಯಾರೂ ಆರಿಸದಿದ್ದರೇ ಒಳ್ಳೆಯದಂತೆ. ಆಗ ತಂಡವನ್ನು ಹುಡುಗನೇ ಆರಿಸಿಕೊಳ್ಳಬಹುದು. ಆಡಿಸುತ್ತೇವೆಂದು ಮಾತು ಕೊಟ್ಟ ಒಂದು ತಂಡ ಕಾಯುತ್ತಲೂ ಇದೆ. ಈಗ ಕಣ್ಣು ಹಾಕಿರುವ ತಂಡದಲ್ಲೋ ಅವನ ಜಾಗಕ್ಕೆ ಆಗಲೇ ಆರು ಜನ. ಬೇಸಿಗೆ ಮುಗಿಯುವುದರೊಳಗೆ ಮನೆಗೆ ಅಟ್ಟುತ್ತಾರೆ.

ನಡುಮನೆಯಲ್ಲಿ ಫೋನು ಬರಲೆಂದು ಪಾಸ್ಟರ್ ದೇವರ ಮುಂದೆ ಗಂಟಲು ಹರಿದುಕೊಳ್ಳುತ್ತಿದ್ದರು. ವರ್ಲೀನ್ ಒಳಗಿನಿಂದ ಅದೇ ದೇವರಿಗೆ, ಬಾರದಿರಲಪ್ಪಾ ಎಂದು ಮೊರೆಯಿಟ್ಟಳು.

ಫೋನು ಬಂತು, ಆ ಆರು ಜನರ ತಂಡದ್ದೇ. ಹಾಲಿಸ್‌ನ ಮುಖ ಕಪ್ಪಿಟ್ಟಿದ್ದು ನೋಡಿ ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಅವುಚಿಕೊಂಡಳು. ಅದು ಬಡಕೊಂಡು ಬಡಕೊಂಡು ಸುಮ್ಮನಾಯಿತು. ಗೆದ್ದೆ ಅಂದುಕೊಂಡಳು.

ಅಷ್ಟರಲ್ಲಿ ನಡುಮನೆ ಹೋ ಎಂದು ಎದ್ದು ಕುಣಿಯಿತು. ಟಿವಿಯ ತುಂಬ ಕೋರ್ಟೆಲ್‌ನ ಹೆಸರು. ಅವನು ಒಳಗೆ ಬಂದು ತಾಯಿಯ ಕೈಯಿಂದ ಮೆಲ್ಲಗೆ ಫೋನು ಬಿಡಿಸಿಕೊಂಡ.

"ಅಮ್ಮಾ, ಅವರು ನಮ್ಮನ್ನ ಕೇಳೋಕೆ ಫೋನ್ ಮಾಡಲ್ಲ, ಹೇಳೋಕೆ ಮಾಡ್ತಾರೆ."

"ಒಲ್ಲೆ ಅನ್ನೋ ಹಾಗಿಲ್ವೇನೋ?"

"ಅನ್ಬೋದು. ಆಮೇಲೆ ಮನೇಲೇ ಕೂತಿರ್ಬೇಕು."

ಅವಳು ಅಡುಗೆಮನೆಯಲ್ಲೇ ಉಳಿಯಲು ನೋಡಿದಳು. ಆದರೆ ಪಾಸ್ಟರ್ ಬಿಟ್ಟಾರೆಯೇ? ಕೈಹಿಡಿದು ಹೊರಗೆ ಕರೆತಂದು, ದೇವರಿಗೆ ನಾಲ್ಕು ಮಾತು ಕೃತಜ್ಞತೆ ಹೇಳಮ್ಮ ಅಂದರು. ವರ್ಲೀನ್ ಕಣ್ಣು ಮುಚ್ಚಿದಳು. ಕೆನ್ನೆಯ ಮೇಲೆ ನೀರು ಇಳಿಯಿತು.

"ದೇವರೇ, ಮೊನ್ನೆ ಬೇಡಿದ್ದನ್ನ ಇವತ್ತು ಕೊಟ್ಟೆಯಲ್ಲಪ್ಪ, ನಿಂಗೆ ಏನು ಹೇಳ್ಲಿ."

ಆನಂದಬಾಷ್ಪವೆಂದು ತಿಳಿದು ಮನೆಯವರೆಲ್ಲ ಆಮೆನ್ ಅಂದರು.