ಅವಲಕ್ಕಿ ಸರದ ಗುರುತು

ಕುರುಬರಹಳ್ಳಿಯ ಆ ಮನೆಗೆ ಶೋಭಾರಾಣಿ ಹಿರಿಸೊಸೆ. ಎಂಟು ವರ್ಷ ಅತ್ತೆಯ ಪೂಜೆಗೆ ಹೂ ಕಟ್ಟಿಕೊಟ್ಟವಳು ಅವಳು. ಅತ್ತೆ ವಿಮಲಮ್ಮ ತಮ್ಮ ಚಿನ್ನದ ಅವಲಕ್ಕಿ ಸರವನ್ನು ಹಾಕಿದ್ದು ಮಾತ್ರ ಹೋದ ವರ್ಷ ಬಂದ ಕಿರಿಸೊಸೆ ಬಿಂದುಶ್ರೀಯ ಕೊರಳಿಗೆ. ಪಾರ್ಕಿನ ಬಳಿ ಬೈಕಿನವರು ಆ ಸರ ಕಿತ್ತುಕೊಂಡು ಹೋದ ದಿನ ಶೋಭಾ ಎಲ್ಲರೊಡನೆ ಅತ್ತಳು. ಒಳಗೊಳಗೆ ಅವಳ ಹೊಟ್ಟೆ ತಣ್ಣಗಾಗಿತ್ತು.

ಹದಿನೈದು ದಿನಕ್ಕೆ ಕಳ್ಳ ಸಿಕ್ಕಿದ. ಸರವನ್ನು ಗುರುತಿಸಲು ವಾರಗಿತ್ತಿಯರಿಬ್ಬರೂ ಠಾಣೆಗೆ ಹೋದರು.

“ಕಂಪ್ಲೇಂಟ್ ಕೊಟ್ಟೋರು ಮಾತ್ರ ಒಳಗೆ ಬನ್ನಿ,” ಎಂದ ಇನ್ಸ್‌ಪೆಕ್ಟರ್.

ಬಿಂದು ಒಳಗೆ ಹೋದಳು, ಶೋಭಾ ಹೊರಗೆ ಬೆಂಚಿನ ಮೇಲೆ ಕುಳಿತಳು. ಪರದೆಯ ಸಂದಿಯಿಂದ ಒಳಗಿನದು ಕಾಣುತ್ತಿತ್ತು.

“ಹಾಕಿ ನೋಡಿದ್ರೆ ತಾನೇ ನಿಮ್ದು ಅಂತ ಗೊತ್ತಾಗೋದು,” ಎನ್ನುತ್ತ ಅವನೇ ಸರ ತೊಡಿಸಿದ. ತೊಡಿಸಿದ ಕೈ ಕೊರಳಿಂದ ಕೆಳಗಿಳಿಯಿತು. ಬಿಂದು ತಳ್ಳಿದಳು, ಅವನು ನಗುತ್ತ ಅವಳನ್ನು ಗೋಡೆಗೆ ಒತ್ತಿ ಹಿಡಿದ. ಶೋಭಾ ಎಲ್ಲವನ್ನೂ ಕಂಡಳು. ಕಂಡೂ, ದೇವರೇ, ಅವಳಿಗೆ ಉರಿದದ್ದು ಸರ ಮತ್ತೆ ಆ ಕೊರಳಿಗೇ ಬಂತಲ್ಲ ಎಂದು!

ಸರವನ್ನು ಠಾಣೆಯಲ್ಲೇ ಬಿಟ್ಟು ಮನೆಗೆ ಬಂದ ಬಿಂದು ಅಳುತ್ತ ನಡೆದದ್ದನ್ನು ಹೇಳಿದಳು. ಅವಳ ಗಂಡ ಜೀವನ್ ತಲೆ ತಗ್ಗಿಸಿ ಕುಳಿತ.

“ಪೊಲೀಸ್ರ ಮೇಲೆ ಪೊಲೀಸ್ರ ಹತ್ರಾನೇ ದೂರು ಕೊಡ್ತೀಯೇನಮ್ಮ?” ಎಂದರು ಮಾವ ಕೃಷ್ಣಪ್ಪ. “ಬೀದಿಯವರು ಅವನ ಹೆಸರು ಎತ್ತಲ್ಲ, ನಮ್ಮನೆ ಹೆಸರು ಎತ್ತುತ್ತಾರೆ.”

“ಇವಳೇ ಹಲ್ಲು ಕಿಸಿದಿರ್ತಾಳೆ ಬಿಡಿ,” ಎಂದರು ವಿಮಲಮ್ಮ. “ಶೋಭಾ, ನೀನೂ ಅಲ್ಲೇ ಇದ್ಯಲ್ಲ, ಏನಾದ್ರೂ ನೋಡ್ದ್ಯಾ?”

“ನಾನೇನೂ ನೋಡ್ಲಿಲ್ಲ ಅತ್ತೆ.”

ವಿಮಲಮ್ಮ ಬಿಂದುವಿನತ್ತ ತಿರುಗಿದರು: “ಇವಳು ಕಣೇ ಮನೆ ಮಾನ ಉಳಿಸೋಳು! ಸರ ಬರ್ಲಿ, ಇವಳಿಗೇ ಹಾಕ್ತೀನಿ.”

ಎಂಟು ವರ್ಷ ಕಾದಿದ್ದ ಮಾತು ಅದು. ನಮ್ಮ ಮನೆಗಳಲ್ಲಿ ಇಂಥ ದೂರು ಠಾಣೆಯವರೆಗೆ ಹೋಗುವುದೇ ಇಲ್ಲ. ನಡುಮನೆಯಲ್ಲಿ, ದೇವರ ದೀಪದ ಎದುರೇ, ನಾವೇ ಅದರ ಕತ್ತು ಹಿಸುಕುತ್ತೇವೆ.

ಮರುದಿನ ಬೆಳಗ್ಗೆ ಇನ್ಸ್‌ಪೆಕ್ಟರನ ಫೋನು ಬಂತು: ಒಂದು ಸೈನ್ ಬಾಕಿ ಇದೆ, ಕಂಪ್ಲೇಂಟ್ ಕೊಟ್ಟವರು ಒಬ್ಬರೇ ಬರಲಿ.

“ಹೋಗ್ಬಾರೇ, ಸೈನ್ ಹಾಕಿದ್ರೆ ಸರ ಕೊಡ್ತಾರೆ,” ಎಂದರು ಅತ್ತೆ.

ಬಿಂದು ಸೀರೆಗೆ ಪಿನ್ನಿನ ಮೇಲೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಹೆಗಲಿಂದ ಸೊಂಟದವರೆಗೆ ಸಾಲಾಗಿ ಪಿನ್ನು.

“ಯಾಕೇ ಇಷ್ಟೊಂದು?” ಎಂದಳು ಶೋಭಾ.

“ಕೈ ಹಾಕಿದ್ರೆ ಅವನಿಗೇ ಚುಚ್ಚಲಿ ಅಂತ ಅಕ್ಕ. ಇನ್ನೇನು ಮಾಡ್ಲಿ? ನೋಡಿದವರು ಯಾರೂ ಇಲ್ವಲ್ಲ.”

ಶೋಭಾ ಬಿಂದುವಿನ ಕೈಯಿಂದ ಪಿನ್ನು ಕಿತ್ತುಕೊಂಡಳು.

“ಠಾಣೆ ಬೇಡ. ಅವನ ಮೇಲಿನ ದೊಡ್ಡ ಸಾಹೇಬ್ರ ಆಫೀಸಿಗೇ ನಡಿ. ನಾನು ನೋಡಿದೀನಿ ಕಣೇ.”

“ಹೊಸ್ತಿಲು ದಾಟಿದ್ರೆ ಸರ ನಿಂಗಿಲ್ಲ!” ವಿಮಲಮ್ಮ ಕೂಗಿದರು.

“ನೀವೇ ಹಾಕ್ಕೊಳ್ಳಿ ಅತ್ತೆ.”

ಆಫೀಸಿನಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಮಹಿಳಾ ಅಧಿಕಾರಿ ಪೆನ್ನು ನಿಲ್ಲಿಸಿ ಕೇಳಿದರು: “ಮನೇಲಿ ನೋಡಿಲ್ಲ ಅಂದಿದ್ದೆ ಅಂತೀರಿ. ಯಾಕಮ್ಮ ಹಾಗಂದ್ರಿ? ನಾಳೆ ಕೋರ್ಟಲ್ಲೂ ಇದನ್ನೇ ಕೇಳ್ತಾರೆ.”

ಪಕ್ಕದಲ್ಲೇ ಬಿಂದು ಕುಳಿತಿದ್ದಳು. ಶೋಭಾ ಅವಳ ಮುಖ ನೋಡಲಾರದೆ ಮೇಜನ್ನು ನೋಡಿದಳು.

“ಹೊಟ್ಟೆಕಿಚ್ಚು ಮೇಡಂ,” ಎಂದಳು. “ಅದನ್ನೂ ಬರ್ಕೊಳ್ಳಿ.”